ಯಾರು ತಂದದ್ದು

ದಸರಾ ಮುಗಿದ ಮರುದಿನ, ಅಕ್ಟೋಬರಿನ ಸೆಕೆ ಗೋಡೆಯಿಂದಲೇ ಹೊಮ್ಮುತ್ತಿದ್ದ ಸಂಜೆ ಆರು ಗಂಟೆಗೆ ಇದು ಶುರುವಾಯಿತು. ಡೊಂಬಿವಲಿಯ ಆ ಕಟ್ಟಡಕ್ಕೆ ನಳ್ಳಿಯಲ್ಲಿ ನೀರು ಬರುವ ಹೊತ್ತು. ಧರ್ಮಪಾಲರು ಬಚ್ಚಲಿನ ಬಾಗಿಲಿಗೆ ಸ್ಟೂಲು ಹಾಕಿಕೊಂಡು ಬಾಲ್ದಿ ತುಂಬುವುದನ್ನು ಕಾಯುತ್ತಿದ್ದರು. ಏಳನೇ ಕ್ಲಾಸಿನ ಮೊಮ್ಮಗಳು ಅನುಷ್ಕಾ ಶೂ ಕೂಡ ಬಿಚ್ಚದೆ ಬಂದು ಒಂದು ಕಾಗದವನ್ನು ಅವರ ಮೂಗಿನ ಮುಂದೆ ಹಿಡಿದಳು.

"ಅಜ್ಜಾ, ನೀವು ನನ್ನ ಪಾರ್ಟ್‌ನರ್. ಮಮ್ಮಿಗೆ ಟೈಮ್ ಇಲ್ಲ. ಪಪ್ಪನಿಗೆ ಕುಛ್ ಭೀ ಪತಾ ನಹೀಂ."

ಅದು ಶಾಲೆಯವರು ಕೊಟ್ಟ ಹುಡುಕಾಟದ ಪಟ್ಟಿ. ಮೇಲೆ ಮರಾಠಿಯಲ್ಲಿ 'ನಮ್ಮ ಊರು, ನಮ್ಮ ರಾಜ್ಯ' ಎಂದು ಬರೆದಿತ್ತು. ಹನ್ನೆರಡು ಸಂಗತಿಗಳನ್ನು ಹುಡುಕಿ ತಂದು, ಗುರುತು ಸಮೇತ ಪುಸ್ತಕಕ್ಕೆ ಅಂಟಿಸಬೇಕು. ಮನೆಯ ಹಿರಿಯರೊಬ್ಬರು ಜೊತೆಗಿರಬೇಕು. ಫೋನು ನೋಡಿ ಉತ್ತರ ಬರೆಯುವ ಹಾಗಿಲ್ಲ. ದೀಪಾವಳಿ ರಜೆಗೆ ಶಾಲೆ ಮುಚ್ಚುವ ಶುಕ್ರವಾರ ಪುಸ್ತಕ ಕೊಡಬೇಕು. ಹನ್ನೆರಡೂ ಸರಿಯಾದವರ ಪುಸ್ತಕ ಶಾಲೆಯ ಲೈಬ್ರರಿಯಲ್ಲಿ ಉಳಿಯುತ್ತದೆ.

ಅವಳು ಒಂದೊಂದೇ ಓದಿದಳು, ಅವರು ಒಂದೊಂದಕ್ಕೂ ತಲೆಯಾಡಿಸಿದರು. ರಾಜ್ಯದ ಮರದ ಎಲೆ. ಮಾವು, ಹಿಂದಿನ ಗಲ್ಲಿಯಲ್ಲೇ ಉಂಟು. ಖಾಡಿಯ ಹಿನ್ನೀರಿನ ಬದಿಯ ಕೋಟೆ. ಕಲ್ಯಾಣಿನ ದುರ್ಗಾಡಿ, ಮತ್ತೆಂತ. ಊರ ನಡುವಿನ ಹಳೆಯ ಕೆರೆ. ಥಾಣೆಯ ತಲಾವ್. ಹೆಸರು ಬದಲಾದ ಒಂದು ರಸ್ತೆ, ಮುಚ್ಚಿಹೋದ ಒಂದು ಕಾರ್ಖಾನೆ. ಮುಚ್ಚಿದ್ದು ಒಂದೇ ಸಾಕಾ ಎಂದು ಧರ್ಮಪಾಲರು ನಕ್ಕರು. ಥಾಣೆಯ ಕಾರ್ಖಾನೆಗಳ ಪ್ರದೇಶ ವಾಗ್ಳೆ ಎಸ್ಟೇಟಿನಲ್ಲಿ ಯಾವ ಗೇಟಿನಲ್ಲಿ ಯಾವ ಗಂಟೆಗೆ ಸೈರನ್ ಆಗುತ್ತಿತ್ತು ಎಂಬುದು ಅವರಿಗೆ ಇನ್ನೂ ಬಾಯಿಪಾಠ. ನಾಲ್ಕನೇ ಕ್ಲಾಸಿನವರೆಗೆ ಮಾತ್ರ ಓದಿದವರಾದರೂ ಕಂಡದ್ದು, ಕೇಳಿದ್ದು ಮರೆಯುವ ಜಾತಿಯವರಲ್ಲ.

"ಲಾಸ್ಟ್," ಎಂದು ಅನುಷ್ಕಾ ಓದಿದಳು. "ನಿಮ್ಮ ಮನೆಯವರನ್ನು ಈ ಊರಿಗೆ ಮೊದಲು ಯಾರು ಕರ್ಕೊಂಡು ಬಂದ್ರು? ಅವರ ಕೈಯಿಂದ, ಇಲ್ಲದಿದ್ರೆ ಅವರ ಮನೆಯವರ ಕೈಯಿಂದ ಒಂದು ಸಾಲು, ಸಹಿ. ಯಾರು ಅಜ್ಜ?"

ಬಾಲ್ದಿ ತುಂಬಿ ನೀರು ಚೆಲ್ಲುತ್ತಿತ್ತು. ಧರ್ಮಪಾಲರು ನಳ್ಳಿ ತಿರುಗಿಸಿದರು.

"ಯಾರೂ ಇಲ್ಲ. ನಾನೇ ಬಂದದ್ದು. ಹಾಗೇ ಬರಿ."

ಅಡಿಗೆಮನೆಯಲ್ಲಿ ಜಯಲತಾ ತೆಂಗಿನಕಾಯಿ ತುರಿಯುತ್ತಿದ್ದರು. ಗಂಡನ ಮಾತು ಕೇಳಿ ತುರಿಯುವ ಸದ್ದು ಒಂದು ಗಳಿಗೆ ನಿಂತಿತು, ಆಮೇಲೆ ಸ್ವಲ್ಪ ಜೋರಾಗಿಯೇ ಮುಂದುವರಿಯಿತು.

ಕರಾವಳಿಯಿಂದ ಬಂದು ಈ ಕಡೆಯ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದವರಿಗೆ ಆ ಪ್ರಶ್ನೆ ಹೊಸತಲ್ಲ. ಇಬ್ಬರು ಎದುರಾದರೆ ಹೆಸರು ಕೇಳುವ ಮೊದಲು ಕೇಳುವುದೇ ಅದು: ಯಾರು ತಂದದ್ದು ನಿನ್ನನ್ನು? ತಂದವನು ಎಂದರೆ ಬಸ್ಸಿನಲ್ಲಿ ಪಕ್ಕ ಕೂತು ಬಂದವನು ಮಾತ್ರವಲ್ಲ. ಧಣಿಯ ಎದುರು ನಿಂತು, ಇವ ನಮ್ಮವ, ಇವನ ಜವಾಬ್ದಾರಿ ನನ್ನದು ಎಂದು ಮಾತು ಕೊಟ್ಟವನು. ಮೊದಲ ತಿಂಗಳು ತನ್ನ ಚಾಪೆಯ ಅರ್ಧ ಬಿಟ್ಟುಕೊಟ್ಟವನು. ಮುಟ್ಟಿದ ಸುದ್ದಿಯನ್ನು ಊರಿಗೆ ಕಾಗದ ಬರೆದು ತಿಳಿಸಿದವನು. ದೀಪಾವಳಿಗೆ ಅವನ ಕೋಣೆಗೆ ಹೋಗಿ ಒಂದು ಪಂಚೆ ಕೊಟ್ಟು ಕಾಲು ಮುಟ್ಟಿ ಬರುವುದು ಅವರೊಳಗಿನ ಪದ್ಧತಿ. ತಂದವನ ಹೆಸರು ಹೇಳದವನನ್ನು ಜನ ಸ್ವಲ್ಪ ದೂರವೇ ಇಡುತ್ತಾರೆ. ಧರ್ಮಪಾಲರು ಮಾತ್ರ ನಲವತ್ತೆರಡು ವರ್ಷಗಳಿಂದ 'ನಾನೇ ಬಂದದ್ದು' ಎಂದೇ ಹೇಳಿಕೊಂಡು ಬಂದಿದ್ದರು. ಮಗ ಜಯೇಶ್ ಅದನ್ನು ಆಫೀಸಿನವರಿಗೆ ಹೆಮ್ಮೆಯಿಂದ ಹೇಳುತ್ತಿದ್ದ: ನನ್ನ ಅಪ್ಪ ಯಾರ ಹಂಗೂ ಇಲ್ಲದೆ ಬಂದವರು.

ಆ ಭಾನುವಾರ ಅಜ್ಜ, ಮೊಮ್ಮಗಳು ಬೆಳಿಗ್ಗೆಯೇ ಹೊರಟರು. ಕಲ್ಯಾಣಿನಲ್ಲಿ ಕೋಟೆ ಹತ್ತಿ ಇಳಿದರು, ಥಾಣೆಯ ಕೆರೆಯ ಕಟ್ಟೆಯ ಮೇಲೆ ವಡಾಪಾವ್ ತಿಂದರು. ಧರ್ಮಪಾಲರು ಒಂದು ದೊಡ್ಡ ಮಾಲ್ ಕಟ್ಟಡದ ಎದುರು ನಿಂತು, ಇಲ್ಲಿ ಬಣ್ಣದ ಫ್ಯಾಕ್ಟರಿ ಇತ್ತು, ಇಲ್ಲಿನ ಚರಂಡಿ ಸೋಮವಾರ ನೀಲಿ, ಮಂಗಳವಾರ ಕೆಂಪು ಹರಿಯುತ್ತಿತ್ತು ಎಂದಾಗ ಅನುಷ್ಕಾ ಬಿದ್ದು ಬಿದ್ದು ನಕ್ಕಳು, ಅದನ್ನೂ ಪುಸ್ತಕದಲ್ಲಿ ಬರೆದುಕೊಂಡಳು. ಬರುವಾಗ ಗಾಡಿಯಲ್ಲಿ ಅವರ ಭುಜಕ್ಕೆ ಒರಗಿ ನಿದ್ದೆ ಮಾಡಿದಳು. ಪಟ್ಟಿಯ ಹನ್ನೊಂದು ಸಂಗತಿ ಮುಗಿದಿತ್ತು; ಹನ್ನೆರಡನೆಯದಕ್ಕೆ ಅಜ್ಜ ಹೇಳಿದ್ದನ್ನೇ ಬರೆದಳು.

ಸೋಮವಾರ ಶಾಲೆಯಿಂದ ಬಂದವಳು ಬ್ಯಾಗನ್ನು ಸೋಫಾದ ಮೇಲೆ ಎಸೆದಳು. ಹನ್ನೆರಡನೇ ಪುಟದಲ್ಲಿ ಟೀಚರು ಕೆಂಪು ಪೆನ್ನಿನಲ್ಲಿ ಮರಾಠಿಯಲ್ಲಿ ಬರೆದಿದ್ದರು: ಒಬ್ಬರೇ ಯಾರೂ ಬರುವುದಿಲ್ಲ. ಮತ್ತೆ ಕೇಳು.

"ನನ್ನ ಕ್ಲಾಸಿನ ಮನೀಷ್‌ನ ಅಜ್ಜನನ್ನು ಅವರ ಮಾವ ತಂದದ್ದಂತೆ, ಸಾತಾರಾದಿಂದ. ಅವನ ಹನ್ನೆರಡೂ ಆಯ್ತು. ನಿಮಗೆ ಎಲ್ಲ ನೆನಪುಂಟು, ಯೇ ಏಕ್ ಹೀ ನಹೀಂ?"

"ನೋಡುವಾ," ಎಂದರು ಧರ್ಮಪಾಲರು.

"ನೋಡುವಾ ಅಂದ್ರೆ ಕಬ್?"

"ನೋಡುವಾ ಅಂದೆನಲ್ಲ."

ಮರುದಿನ ಮಧ್ಯಾಹ್ನ, ಮಗ ಸೊಸೆ ಕೆಲಸಕ್ಕೂ ಅನುಷ್ಕಾ ಶಾಲೆಗೂ ಹೋಗಿದ್ದಾಗ, ಜಯಲತಾ ಊಟದ ಬಟ್ಟಲು ತೊಳೆದಿಟ್ಟು ಬಂದು ಗಂಡನ ಎದುರು ಕುಳಿತರು.

"ಮಗುವಿಗೆ ಸುಳ್ಳು ಬರೆಸ್ಲಿಕ್ಕೆ ಎಷ್ಟು ದಿನ ಬೇಕು ನಿಮಗೆ?"

"ಯಾವ ಸುಳ್ಳು?"

"ಓಹೋ. ನನ್ನ ಹತ್ರವೂ ಅದೇ ರಾಗವಾ? ವಿಠಲಣ್ಣ ಘಣಸೋಲಿಯಲ್ಲಿದ್ದಾರೆ, ಮಗಳ ಮನೆಯಲ್ಲಿ. ನವರಾತ್ರಿ ಭಜನೆಗೆ ಬಂದ ಹೆಂಗಸೊಬ್ಬಳು ಹೇಳಿದ್ದು. ಗಾವ್‌ದೇವಿ ಗುಡಿಯ ಹಿಂದಿನ ಬಿಲ್ಡಿಂಗು, ಮೂರನೇ ಮಾಳಿಗೆ. ನಡೀಲಿಕ್ಕೆ ಆಗುದಿಲ್ವಂತೆ ಈಗೀಗ. ಬರುವ ಭಾನುವಾರ ಮಗುವನ್ನು ಕರ್ಕೊಂಡು ಹೋಗಿ ಬನ್ನಿ."

"ಅವರಿಗೆ ನನ್ನ ಮುಖ ನೋಡ್ಲಿಕ್ಕೆ ಮನಸ್ಸುಂಟಾ?"

"ಅದು ಅವರಿಗೆ ಬಿಟ್ಟದ್ದು. ನೀವು ಹೋಗುದು ನಿಮಗೆ ಬಿಟ್ಟದ್ದು."

ಧರ್ಮಪಾಲರು ಗೋಡೆಗೆ ಮುಖ ಮಾಡಿ ಮಲಗಿದರು. ನಿದ್ದೆ ಬರಲಿಲ್ಲ.

ಎಪ್ಪತ್ತನಾಲ್ಕರಲ್ಲಿ ಕಾರ್ಕಳದ ಕಡೆಯಿಂದ ಎರಡು ಹಗಲು ಒಂದು ರಾತ್ರಿ ಬಸ್ಸಿನಲ್ಲಿ ಅವರನ್ನು ಕರೆತಂದದ್ದು ವಿಠಲಣ್ಣ. ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ವಿಠಲಣ್ಣ ದೊಡ್ಡ ಭಟ್ಟ, ಮುಖ್ಯ ಅಡಿಗೆಯವರು. ಒಂಬತ್ತು ವರ್ಷ ಇಬ್ಬರೂ ಒಂದೇ ಕೋಣೆಯಲ್ಲಿ ಮಲಗಿ ಎದ್ದವರು. ಎಂಬತ್ತಮೂರರಲ್ಲಿ ಕ್ಯಾಂಟೀನಿನ ಧಣಿ ತೀರಿಕೊಂಡಾಗ ಕಂಪನಿಯವರು, ಇನ್ನು ಗುತ್ತಿಗೆ ಯಾರು ತೆಗೆದುಕೊಳ್ಳುತ್ತೀರಿ, ಬಂದು ಮಾತಾಡಿ ಎಂದರು. ಕೈಯಲ್ಲಿ ಅಡಿಗೆ ಇದ್ದದ್ದು ವಿಠಲಣ್ಣನಿಗೆ. ಬಾಯಲ್ಲಿ ಮರಾಠಿ ಇದ್ದದ್ದು ಧರ್ಮಪಾಲರಿಗೆ. "ನೀನು ಹೋಗಿ ನನ್ನ ಹೆಸರು ಹೇಳಿ ಬಾ, ನನಗೆ ಆ ಸಾಹೇಬರ ಎದುರು ನಾಲಗೆ ಹೊರಳುದಿಲ್ಲ," ಎಂದು ವಿಠಲಣ್ಣ ತನ್ನ ಇಸ್ತ್ರಿ ಮಾಡಿದ ಅಂಗಿಯನ್ನೇ ತೊಡಿಸಿ ಕಳುಹಿಸಿದರು. ಆಫೀಸಿನಲ್ಲಿ ಸಾಹೇಬ ಪೆನ್ನು ತೆರೆದು ಹೆಸರು ಕೇಳಿದ. ಧರ್ಮಪಾಲರು ತಮ್ಮ ಹೆಸರು ಹೇಳಿದರು.

ಯಾಕೆ ಹೇಳಿದೆ ಎಂದು ಅವರು ಎಷ್ಟೋ ಸಲ ತಮ್ಮನ್ನೇ ಕೇಳಿಕೊಂಡಿದ್ದರು. ಬೇಕೆಂದೇ ಹೇಳಿದ್ದು. ಬೇರೆ ಉತ್ತರ ಸಿಕ್ಕಿರಲಿಲ್ಲ.

ವಿಠಲಣ್ಣ ಗುತ್ತಿಗೆಯ ಕಾಗದ ನೋಡಿ, ಮಡಚಿ ವಾಪಸು ಕೊಟ್ಟರು. ಅಂದಿನ ಮುನ್ನೂರು ಊಟ ಮಾಡಿ ಬಡಿಸಿದರು. ದೊಡ್ಡ ಪಾತ್ರೆಗಳನ್ನು ಬೂದಿ ಹಾಕಿ ಉಜ್ಜಿ ಕವುಚಿಟ್ಟರು. ಸೊಂಟದ ಟವೆಲನ್ನು ಹಿಂಡಿ ಹಗ್ಗದ ಮೇಲೆ ಹರವಿ ಗೇಟು ದಾಟಿ ಹೋದರು. ಅದಾದ ಮೇಲೆ ಧರ್ಮಪಾಲರು ಇಪ್ಪತ್ತಾರು ವರ್ಷ ಆ ಕ್ಯಾಂಟೀನು ನಡೆಸಿದರು. ಈ ಮನೆ, ಜಯೇಶನ ಓದು, ಎಲ್ಲ ಅದರಿಂದ ಬಂದದ್ದು.

ಭಾನುವಾರ ಬಂತು. ಅನುಷ್ಕಾ ಹಳದಿ ಅಂಗಿ ತೊಟ್ಟು, ಪುಸ್ತಕ, ಎರಡು ಪೆನ್ನು ಹಿಡಿದು ಬಾಗಿಲಲ್ಲಿ ನಿಂತಳು. ಜಯಲತಾ ಬಾಳೆಕಾಯಿ ಚಿಪ್ಸಿನ ಒಂದು ಪೊಟ್ಟಣ ಕೈಗೆ ಕೊಟ್ಟರು, "ಕೊಡಿ ಅವರಿಗೆ," ಎಂದಷ್ಟೇ ಹೇಳಿದರು. ಧರ್ಮಪಾಲರು ಸ್ಟೇಷನ್ನಿನಲ್ಲಿ ಕಿಂಡಿಯ ಮುಂದೆ ನಿಂತು ಘಣಸೋಲಿ ಎನ್ನಬೇಕೆಂದು ಬಾಯಿ ತೆರೆದರು. ಬಂದದ್ದು ದಿವಾ ಎಂಬ ಬೇರೆ ಸ್ಟೇಷನ್ನಿನ ಹೆಸರು.

"ದಿವಾದಲ್ಲಿದ್ದಾರಾ ಅವರು?" ಅನುಷ್ಕಾ ಕೇಳಿದಳು.

"ಶೀನಪ್ಪ ಅಂತ. ಸ್ಟೇಷನ್ನಿನ ಪೂರ್ವಕ್ಕೆ ಅವರ ಚಾಳು."

ಶೀನಪ್ಪ ಎಂಬವರು ಇದ್ದದ್ದು ಹೌದು. ಬಂದ ಹೊಸತರಲ್ಲಿ ಒಮ್ಮೆ ಛತ್ರಿ ಕೊಟ್ಟಿದ್ದರು, ಅಷ್ಟೇ. ಬದುಕಿದ್ದಾರೋ ಇಲ್ಲವೋ ಧರ್ಮಪಾಲರಿಗೆ ಗೊತ್ತಿರಲಿಲ್ಲ. ಅಂದು ಮೆಗಾಬ್ಲಾಕ್, ಹಳಿ ರಿಪೇರಿಯ ದಿನ, ಗಾಡಿಗಳು ತಡ. ದಿವಾದಲ್ಲಿ ಇಳಿಯುವಾಗ ಹತ್ತುವವರ ನೂಕಿನಲ್ಲಿ ಚಿಪ್ಸಿನ ಪೊಟ್ಟಣ ಒಡೆದು ಚೆಲ್ಲಿತು. ಸಾಲುಮನೆಗಳ ಆ ಚಾಳು ಇದ್ದ ಜಾಗದಲ್ಲಿ ಏಳು ಮಾಳಿಗೆಯ ಕಟ್ಟಡಗಳು ಒಂದರ ಬೆನ್ನಿಗೊಂದು ಅಂಟಿ ನಿಂತಿದ್ದವು. ಒಂದು ಕಟ್ಟಡದ ನಾಲ್ಕನೇ ಮಾಳಿಗೆ ಹತ್ತಿದರು, ಇಳಿದರು. ಇನ್ನೊಂದರಲ್ಲಿ ಒಬ್ಬಾಕೆ ಬಾಗಿಲ ಸಂದಿಯಿಂದ, ಇಲ್ಲಿ ಆ ಹೆಸರಿನವರಿಲ್ಲ ಎಂದು ಮುಚ್ಚಿದಳು. ಕಿರಾಣಿ ಅಂಗಡಿಯವನು ಮೇಲಿಂದ ಕೆಳಗೆ ನೋಡಿ, "ಕಾಕಾ, ನಂಬರು ಇಲ್ಲದೆ ದಿವಾದಲ್ಲಿ ಮನುಷ್ಯನನ್ನು ಹುಡುಕ್ತೀರಾ?" ಎಂದ. ಒಂದೂವರೆ ಗಂಟೆಯ ಬಿಸಿಲಿಗೆ ಅನುಷ್ಕಾಳ ಮುಖ ಕೆಂಪಾಗಿತ್ತು.

"ಅಜ್ಜಾ, ನಿಮಗೆ ಪಕ್ಕಾ ಗೊತ್ತುಂಟಾ?"

"ಐವತ್ತು ವರ್ಷದ ಮಾತು ಮಗಾ. ಎಲ್ಲ ಬದಲಾಗಿದೆ."

"ಥಾಣೆಯಲ್ಲಿ ಎಲ್ಲ ಬದಲಾಗಿತ್ತು, ಅಲ್ಲಿ ನಿಮಗೆ ಎಲ್ಲ ಸಿಕ್ಕಿತಲ್ಲ."

ಅವರು ಸ್ಟೇಷನ್ನಿನ ಕಡೆ ತಿರುಗಿದರು. ವಾಪಸು ಬರುವಾಗ ಅವಳು ಎರಡು ಸೀಟು ಬಿಟ್ಟು ಕುಳಿತಳು.

ಸಂಜೆ ಜಯಲತಾ ಮಜ್ಜಿಗೆ ತಂದುಕೊಟ್ಟು ಮೊಮ್ಮಗಳ ತಲೆ ಸವರಿದರು. "ಎಂತ ಹೇಳಿದ್ರು ವಿಠಲಣ್ಣ? ಸಹಿ ಹಾಕಿದ್ರಾ?"

"ಕೌನ್ ವಿಠಲಣ್ಣ?" ಎಂದಳು ಅನುಷ್ಕಾ.

ಜಯಲತಾ ಗಂಡನತ್ತ ತಿರುಗಿದರು. ಧರ್ಮಪಾಲರು ಲೋಟದೊಳಗೆ ನೋಡುತ್ತಿದ್ದರು.

"ಬಿಸಿಲಲ್ಲಿ ಮಗುವನ್ನು ಎಲ್ಲಿಗೆ ಕರ್ಕೊಂಡು ಹೋಗಿದ್ರಿ ನೀವು?"

"ದಿವಾ. ಕಿಸೀ ಶೀನಪ್ಪ ಕೇ ಘರ್. ಸಿಕ್ಕಲೇ ಇಲ್ಲ," ಎಂದು ಅನುಷ್ಕಾ ಇಬ್ಬರನ್ನೂ ನೋಡಿದಳು. ಅವಳಿಗೆ ಸಂಗತಿ ಪೂರ್ತಿ ತಿಳಿಯಲಿಲ್ಲ, ಆದರೆ ಮೋಸ ತಿಳಿಯಿತು. ಎದ್ದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

"ನಾಳೆ ಬೆಳಿಗ್ಗೆ ನೀವೊಬ್ಬರೇ ಆದ್ರೂ ಹೋಗಿ," ಎಂದರು ಜಯಲತಾ. ಅವರ ದನಿ ಏರಲಿಲ್ಲ. "ನಿಮ್ಮ ಮರ್ಯಾದೆ ನಿಮಗಿರಲಿ. ಅವಳ ಪುಸ್ತಕ ಖಾಲಿ ಉಳೀತದೆ."

ಸೋಮವಾರ ಬೆಳಿಗ್ಗೆ ಧರ್ಮಪಾಲರು ಮೊಣಕಾಲು ನೋವು ಎಂದರು. ಜಯಲತಾ ಬಿಸಿನೀರಿನ ಚೀಲ ತಂದು ಮೊಣಕಾಲಿನ ಮೇಲಿಟ್ಟರು, ಯಾವ ಕಾಲು ಎಂದು ಕೇಳಲಿಲ್ಲ. ನೋವು ಇರಲಿಲ್ಲ. ಹಗಲಿಡೀ ಆ ಚೀಲವನ್ನು ಹೊತ್ತುಕೊಂಡೇ ಕುಳಿತರು. ಮಂಗಳವಾರ ಅನುಷ್ಕಾ ಹನ್ನೆರಡನೇ ಪುಟ ತೆರೆದು ಪುಸ್ತಕವನ್ನು ಅವರ ಮಂಚದ ಮೇಲಿಟ್ಟು ಟಿವಿಯ ಮುಂದೆ ಹೋಗಿ ಕುಳಿತಳು. ಧರ್ಮಪಾಲರಿಗೆ ಸಿಟ್ಟು ಬಂತು. ಟೀಚರ ಮೇಲೆ, ಆ ಪಟ್ಟಿ ಮಾಡಿದವರ ಮೇಲೆ, ಭಜನೆಗೆ ಬಂದ ಆ ಹೆಂಗಸಿನ ಮೇಲೆ. ಎಲ್ಲರ ಮೇಲೂ ಬಂದು ಕೊನೆಗೆ ಎಲ್ಲೂ ನಿಲ್ಲಲಾಗದೆ ತಮ್ಮ ಮೇಲೆಯೇ ಬಂದು ಕುಳಿತಿತು.

ಬುಧವಾರ ಶಾಲೆ ಅರ್ಧ ದಿನ. ಅವಳು ಬರುವ ಹೊತ್ತಿಗೆ ಅವರು ಅಂಗಿ ಹಾಕಿ ಸಿದ್ಧರಾಗಿದ್ದರು.

"ನಡಿ. ಘಣಸೋಲಿ."

"ಈ ಸಲ ಸಚ್ಚೀ?"

"ಸಚ್ಚೀ."

ಥಾಣೆಯಲ್ಲಿ ಗಾಡಿ ಬದಲಿಸಿದರು. ಮಧ್ಯಾಹ್ನದ ಗಾಡಿ ಖಾಲಿ ಇತ್ತು. ಧರ್ಮಪಾಲರು ಕಿಟಕಿಯ ಕಡೆ ನೋಡುತ್ತ ಎಲ್ಲ ಹೇಳಿದರು. ನಲವತ್ತೆರಡು ವರ್ಷ ಹೊತ್ತದ್ದು ಎರಡು ಸ್ಟೇಷನ್ ದಾಟುವುದರೊಳಗೆ ಮುಗಿದುಹೋಯಿತು.

ಅನುಷ್ಕಾ ಅವರ ಕಡೆ ತಿರುಗಿದಳು. "ಅವರು ಬೈಲಿಲ್ವಾ?"

"ಇಲ್ಲ. ಮುನ್ನೂರು ಊಟ ಬಡಿಸಿ ಹೋದ್ರು."

"ಆಪ್ನೇ ಚೀಟಿಂಗ್ ಕೀ, ಅಜ್ಜ."

"ಹೌದು ಮಗಾ."

"ಅದು ಬಿಡಿ, ಅದು ನಾನು ಹುಟ್ಟುವ ಮೊದಲು. ದಿವಾಕ್ಕೆ ಯಾಕೆ ಕರ್ಕೊಂಡು ಹೋದದ್ದು? ನಾನು ಎಷ್ಟು ಮೆಟ್ಟಿಲು ಹತ್ತಿದೆ ಗೊತ್ತುಂಟಾ?"

ಹಳೆಯದನ್ನು ಅವಳು ಅಷ್ಟು ಸುಲಭವಾಗಿ ದಾಟಿದ್ದಳು. ಮೊನ್ನೆಯದನ್ನು ದಾಟಲಿಲ್ಲ.

ಘಣಸೋಲಿಯ ಹಳೆಯ ಊರಿನ ಗಲ್ಲಿಗಳಲ್ಲಿ ಗಾವ್‌ದೇವಿ ಗುಡಿ ಹುಡುಕಲು ಅರ್ಧ ಗಂಟೆ ಹಿಡಿಯಿತು. ಗುಡಿಯ ಹಿಂದೆ ಮೂರು ಕಟ್ಟಡಗಳಿದ್ದವು. ಎರಡನ್ನು ಹತ್ತಿ ಇಳಿದರು. ಮೂರನೆಯದರ ಮೂರನೇ ಮಾಳಿಗೆಯಲ್ಲಿ ಬಾಗಿಲು ತೆರೆದದ್ದು ನಲವತ್ತು ದಾಟಿದ ಹೆಂಗಸು, ಕೈಯಲ್ಲಿ ಅರ್ಧ ಕಟ್ಟಿದ ಆಕಾಶಬುಟ್ಟಿ.

"ವಿಠಲಣ್ಣ?" ಎಂದರು ಧರ್ಮಪಾಲರು.

"ಅಪ್ಪ ಇಲ್ಲವಲ್ಲ. ನಾನು ಮಗಳು, ಪೂಜಿತಾ. ನೀವು ಯಾರಾಯ್ತು?"

ಧರ್ಮಪಾಲರು ಹೆಸರು ಹೇಳಿದರು, ಹೇಳಿ ಆಕೆಯ ಮುಖ ನೋಡಿದರು. ಬಾಗಿಲು ಮುಚ್ಚಬಹುದು, ಬೈಯಬಹುದು, ಎಲ್ಲಕ್ಕೂ ದಾರಿಯುದ್ದ ಮನಸ್ಸು ಗಟ್ಟಿ ಮಾಡಿಕೊಂಡಿದ್ದರು. ಆಕೆಯ ಮುಖದಲ್ಲಿ ಆ ಹೆಸರು ಕೇಳಿದ ಗುರುತೇ ಕಾಣಲಿಲ್ಲ.

"ವಾಗ್ಳೆ ಎಸ್ಟೇಟಿನ ಕ್ಯಾಂಟೀನಿನಲ್ಲಿ..." ಎಂದರು ಅವರು.

"ಅಪ್ಪ ಕ್ಯಾಂಟೀನಿನಲ್ಲೂ ಇದ್ರಾ? ನನಗೆ ಐರೋಲಿಯ ಹೋಟೆಲು ಮಾತ್ರ ಗೊತ್ತು. ಹಳೇ ಕತೆ ಅವರು ಹೇಳುದೇ ಇಲ್ಲ. ಬನ್ನಿ, ಒಳಗೆ ಬನ್ನಿ. ಮಗುವಿಗೆ ಶರಬತ್ತು ಮಾಡ್ತೇನೆ."

ಧರ್ಮಪಾಲರು ಕುರ್ಚಿಯ ಅಂಚಿನಲ್ಲಿ ಕುಳಿತರು. ನಲವತ್ತೆರಡು ವರ್ಷ ಯಾವ ಮದುವೆಗೆ ಹೋದರೂ, ಊರವರ ಸಂಘದ ಯಾವ ಸಭೆಗೆ ಹೋದರೂ, ವಿಠಲಣ್ಣ ಯಾರಿಗೆ ಏನು ಹೇಳಿರಬಹುದು ಎಂದು ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕುಳಿತವರು ಅವರು. ಆ ಮನುಷ್ಯ ಮಗಳಿಗೂ ಹೇಳಿರಲಿಲ್ಲ.

"ಎಷ್ಟು ಹೊತ್ತಿಗೆ ಬರ್ತಾರೆ?" ಅನುಷ್ಕಾ ಪುಸ್ತಕ ತೆರೆಯುತ್ತ ಕೇಳಿದಳು.

"ಬರುದಿಲ್ಲ ಪುಟ್ಟಾ. ಊರಿಗೆ ಹೋದ್ರು, ಇನ್ನು ಅಲ್ಲೇ. ನನ್ನ ತಮ್ಮ ಕಾರ್ಕಳದಲ್ಲಿ ಮನೆ ಕಟ್ಟಿದ್ದಾನೆ, ಕೆಳಗಿನ ಕೋಣೆ ಅಪ್ಪನಿಗೇ ಅಂತ. ಇಲ್ಲಿ ಲಿಫ್ಟ್ ಇಲ್ಲ, ಅವರಿಗೆ ಮೆಟ್ಟಿಲು ಆಗುದಿಲ್ಲ. ಮೊನ್ನೆ ಸೋಮವಾರ ಮಧ್ಯಾಹ್ನ ನಾನೇ ಥಾಣೆಯಲ್ಲಿ ರೈಲು ಹತ್ತಿಸಿ ಬಂದೆ."

ಸೋಮವಾರ ಮಧ್ಯಾಹ್ನ. ಧರ್ಮಪಾಲರು ತಮ್ಮ ಮೊಣಕಾಲನ್ನು ನೋಡಿಕೊಂಡರು.

"ಫೋನ್ ಮಾಡುವಾ?" ಅನುಷ್ಕಾ ಬಿಡಲಿಲ್ಲ.

"ಪ್ರಯೋಜನ ಇಲ್ಲ. ಹೋದ ವರ್ಷದಿಂದ ಕಿವಿ ಪೂರ್ತಿ ಹೋಗಿದೆ. ಎದುರು ಕೂತು ಮೆಲ್ಲ ಹೇಳಿದ್ರೆ ಬಾಯಿ ನೋಡಿ ತಿಳ್ಕೊಳ್ತಾರೆ. ಫೋನಲ್ಲಿ ಎಂತ ನೋಡುದು?"

ಅನುಷ್ಕಾ ಪಟ್ಟಿಯನ್ನು ತೋರಿಸಿದಳು, ಮನೆಯವರ ಸಹಿಯಾದರೂ ನಡೆಯುತ್ತದೆ ಎಂದಳು. ಪೂಜಿತಾ ಎರಡು ಸಲ ಓದಿದರು. ಪೆನ್ನು ತೆಗೆದುಕೊಂಡರು, ಮತ್ತೆ ಕೆಳಗಿಟ್ಟರು.

"ಅಂಕಲ್, ಬೇಜಾರು ಮಾಡ್ಬೇಡಿ. ಅಪ್ಪ ನಿಮ್ಮ ಹೆಸರು ಒಂದು ಸಲವೂ ಹೇಳಿದ್ದಿಲ್ಲ. ನನಗೆ ಗೊತ್ತಿಲ್ಲದ್ದಕ್ಕೆ ನಾನು ಹೇಗೆ ಸಹಿ ಹಾಕುದು? ಅದೂ ಶಾಲೆಯ ಪುಸ್ತಕ. ನಾಡಿದ್ದು ಅಲ್ಲವಾ ಕೊಡುದು? ತಮ್ಮ ನಿನ್ನೆ ಅಪ್ಪನನ್ನು ಮನೆಗೆ ಮುಟ್ಟಿಸಿ ಕೆಲಸಕ್ಕೆ ಹೊರಗೂರಿಗೆ ಹೋದ, ಶನಿವಾರವೇ ಬರುದು, ಇಲ್ಲದಿದ್ರೆ ಅವನಿಗೆ ಹೇಳಿ ಕೇಳಿಸಬಹುದಿತ್ತು."

"ಸರಿ," ಎಂದರು ಧರ್ಮಪಾಲರು. "ನೀವು ಹೇಳುದು ಸರಿ."

ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತಾಗ ನಾಲ್ಕೂವರೆ. ಅನುಷ್ಕಾ ಕಣ್ಣು ಒರೆಸಿಕೊಂಡು ಹಳಿಗಳ ಕಡೆ ತಿರುಗಿ ಕುಳಿತಿದ್ದಳು. ಧರ್ಮಪಾಲರು ಅವಳ ಮಡಿಲಿನಿಂದ ಪುಸ್ತಕ ತೆಗೆದುಕೊಂಡರು, ಪೆನ್ನು ಕೇಳಿದರು. ಅವರು ಬರೆಯುವುದು ಕಡಿಮೆ. ಒಂದೊಂದು ಅಕ್ಷರವನ್ನೂ ಕೂರಿಸಿ, ಅದು ಕುಳಿತಿತೆಂದು ನೋಡಿ, ಮುಂದಿನದಕ್ಕೆ ಹೋದರು. ಒಂದು ಗಾಡಿ ಬಂದು ಹೋಯಿತು.

"ಅಜ್ಜಾ, ಗಾಡಿ ಹೋಯ್ತು."

"ಹೋಗಲಿ."

"ಎಂತ ಬರ್ದದ್ದು? ನನಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲ."

ಅವರು ಬೆರಳಿಟ್ಟು ಓದಿದರು. "ನನ್ನನ್ನು ಥಾಣೆಗೆ ತಂದದ್ದು ವಿಠಲಣ್ಣ. ಕ್ಯಾಂಟೀನು ಅವರ ಹೆಸರಿಗೆ ಆಗಬೇಕಿತ್ತು. ನಾನು ನನ್ನ ಹೆಸರು ಹೇಳಿದೆ. ಧರ್ಮಪಾಲ."

ಅನುಷ್ಕಾ ಕೇಳಿದಳು. ಅವಳ ಸಿಟ್ಟು ಇಳಿದಿರಲಿಲ್ಲ. "ಟೀಚರ್ ಒಪ್ಪುದಿಲ್ಲ. ಸಹಿ ತಂದವರದ್ದು ಬೇಕು, ಬಂದವರದ್ದಲ್ಲ. ನನ್ನದು ಹನ್ನೊಂದೇ."

"ಹೌದು, ಹನ್ನೊಂದೇ."

"ಹಾಗಾದ್ರೆ ಅವರ ಸಹಿ ಯಾಕಿಲ್ಲ ಅಂತಾನೂ ಬರೀರಿ. ನಾನು ಹುಡುಕಲಿಲ್ಲ ಅಂತ ಆಗ್ಬಾರ್ದು."

ಅವರು ಮತ್ತೆ ಪೆನ್ನು ಹಿಡಿದರು. ಬರೆದದ್ದನ್ನು ಅವರು ಓದಿ ಹೇಳಿದರು, ಅವಳು ಅದನ್ನು ಕೆಳಗೆ ಮರಾಠಿಯಲ್ಲಿ ಬರೆದುಕೊಂಡಳು: ಬುಧವಾರ ನಾವು ಘಣಸೋಲಿಯ ಮನೆಗೆ ಹೋದೆವು. ವಿಠಲಣ್ಣ ಊರಿಗೆ ಹೋದದ್ದು ಸೋಮವಾರ.